ಗುಟ್ಟಿನಲ್ಲಿ ಬಿಡಿಸುವ ಮದ್ದಿಲ್ಲ

ಮಗಳೇ,

ಬಸ್‌ಸ್ಟ್ಯಾಂಡಿನ ಕಂಬಕ್ಕೆ, ಶೌಚಾಲಯದ ಗೋಡೆಗೆ ಅಂಟಿಸಿರುವ ಆ ಚೀಟಿಯನ್ನು ನೀನೂ ಓದಿರುತ್ತೀಯ. ಕುಡಿಯುವವರಿಗೆ ಗೊತ್ತಾಗದ ಹಾಗೆ ಕುಡಿತ ಬಿಡಿಸುತ್ತೇವೆ ಅಂತ ದಪ್ಪಕ್ಷರ, ಕೆಳಗೊಂದು ಮೊಬೈಲ್ ನಂಬರು. ಸಾರಿಗೆ ಬೆರೆಸು, ಮಜ್ಜಿಗೆಗೆ ಬೆರೆಸು, ಬಣ್ಣವಿಲ್ಲ ವಾಸನೆಯಿಲ್ಲ ಎನ್ನುತ್ತಾರೆ. ಮದುವೆಯಾಗಿ ಹೋದ ಮನೆಯಲ್ಲಿ ಬಾಟಲಿಯ ಕಾಟ ಶುರುವಾದಾಗ ಹೆಣ್ಣುಮಕ್ಕಳು ಮೊದಲು ಹಿಡಿಯುವ ದಾರಿ ಇದೇ. ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸಮ್ಮನಾಗಿ ತಲೆ ಹಣ್ಣಾದವಳು ನಾನು. ಆ ನಂಬರಿಗೆ ಫೋನ್ ಮಾಡುವ ಮುಂಚೆ ಈ ದೊಡ್ಡಮ್ಮನ ಮಾತು ಒಂದಿಷ್ಟು ಕೇಳು.

ಆ ಪುಡಿಯಲ್ಲಿ ಏನಿದೆ ಅಂತ ಪೊಟ್ಟಣದ ಮೇಲೆ ಬರೆದಿರುವುದಿಲ್ಲ. ಅದೇ ಉದ್ದೇಶಕ್ಕೆ ಕೆಲವರು ಯಾರ ಕೈಯಿಂದಲೋ ಮೆಡಿಕಲ್ ಸ್ಟೋರಿನ ಮಾತ್ರೆ ತರಿಸಿ ಅರೆದು ಹಾಕುತ್ತಾರಲ್ಲ, ಅದರ ವಿಚಾರ ನನಗೆ ಗೊತ್ತು. ಅದರ ಹೆಸರು ಡೈಸಲ್ಫಿರಾಮ್. ಡೆನ್ಮಾರ್ಕಿನಲ್ಲಿ ಹಾಲ್ಡ್ ಮತ್ತು ಜೇಕಬ್‌ಸನ್ ಎಂಬ ಇಬ್ಬರು ಅದನ್ನು ಹೊಟ್ಟೆಹುಳದ ಔಷಧವಾದೀತೆ ಎಂದು ಪರೀಕ್ಷಿಸುತ್ತಿದ್ದರು. ತಾವೇ ನುಂಗಿ ನೋಡಿದರು. ಆಮೇಲೆ ಮದ್ಯ ಕುಡಿದಾಗಲೆಲ್ಲ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಹೊಟ್ಟೆ ತೊಳಸಿತು. 1948ರಲ್ಲಿ ಅದು ಕುಡಿತದ ಚಿಕಿತ್ಸೆಗೆ ಬಂತು. ಕುಡಿದ ಮದ್ಯವನ್ನು ಯಕೃತ್ತು ಕರಗಿಸುವಾಗ ಮಧ್ಯದಲ್ಲೊಂದು ವಿಷ ಹುಟ್ಟುತ್ತದೆ. ಮಾಮೂಲಿಯಾಗಿ ಅದು ಬೇಗ ಕಳೆದುಹೋಗುತ್ತದೆ. ಈ ಮಾತ್ರೆ ಅದನ್ನು ಕಳೆಯಗೊಡದೆ ಮೈಯಲ್ಲೇ ತಡೆದು ನಿಲ್ಲಿಸುತ್ತದೆ.

‘ಕುಡಿದರೆ ನನ್ನ ಗತಿ ಹೀಗಾಗುತ್ತದೆ’ ಎಂದು ತಿಳಿದು, ಒಪ್ಪಿ, ರಕ್ತಪರೀಕ್ಷೆ ಮಾಡಿಸಿಕೊಂಡು ನುಂಗುವವನಿಗೆ ಇದು ಒಳ್ಳೆಯ ಕಾವಲು. ತಿಳಿಯದೆ ನುಂಗಿದವನಿಗೆ? ಅವನು ಎಂದಿನಂತೆ ಕ್ವಾರ್ಟರ್ ಇಳಿಸುತ್ತಾನೆ. ಬಿ.ಪಿ. ಕುಸಿಯುತ್ತದೆ, ಎದೆ ಹಿಡಿದುಕೊಳ್ಳುತ್ತದೆ, ಹೃದಯ ಮೊದಲೇ ದುರ್ಬಲವಾಗಿದ್ದರೆ ಪ್ರಾಣವೇ ಹೋಗಬಹುದು. ಆಸ್ಪತ್ರೆಗೆ ತಂದಾಗ ಡಾಕ್ಟರ್ ಏನು ಕೊಟ್ಟಿರಿ ಎಂದು ಕೇಳಿದರೆ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಿಲ್ಲುತ್ತಾಳೆ. ಆ ಮಾತ್ರೆಯ ಪ್ರಭಾವ ನುಂಗುವುದು ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಮೈಯಲ್ಲಿರಬಹುದು. ನಿದ್ದೆ ಮಾತ್ರೆಯದೂ ಇದೇ ಕಥೆ. ಕುಡಿದು ಬಂದು ರಂಪ ಮಾಡುತ್ತಾನೆ, ಮಲಗಿಕೊಳ್ಳಲಿ ಅಂತ ಅತ್ತೆಯ ಡಬ್ಬಿಯಿಂದ ಒಂದು ತೆಗೆದು ಹಾಲಿಗೆ ಹಾಕುವವರಿದ್ದಾರೆ. ಮದ್ಯವೂ ನಿದ್ದೆ ಮಾತ್ರೆಯೂ ಸೇರಿದರೆ ಉಸಿರೇ ಮಂದವಾಗಿ ನಿಂತುಬಿಡಬಹುದು. ಎರಡನ್ನೂ ಮಾಡಬೇಡ.

ನಾನು ಹೇಳಬೇಕೆಂದಿರುವುದು ಪುಡಿಯ ವಿಚಾರವೊಂದೇ ಅಲ್ಲ. ಕುಡಿತ ಇರುವ ಮನೆಯಲ್ಲಿ ಎಲ್ಲವೂ ಗುಟ್ಟು. ಅವನು ಬಾಟಲಿ ಬಚ್ಚಿಡುತ್ತಾನೆ, ಅವಳು ಸಾಲ ಬಚ್ಚಿಡುತ್ತಾಳೆ, ಮಕ್ಕಳು ಶಾಲೆಯಲ್ಲಿ ಅಪ್ಪನ ಸುದ್ದಿ ಬಚ್ಚಿಡುತ್ತವೆ. ಮಾನ ಉಳಿಯಲಿ ಅಂತ ಮಾಡುವ ಈ ಕೆಲಸದಿಂದ ಉಳಿಯುವುದು ಕುಡಿತ ಮಾತ್ರ. ದಿಲ್ಲಿಯ ಏಮ್ಸ್‌ನವರು ಕೇಂದ್ರ ಸರ್ಕಾರಕ್ಕಾಗಿ ಮಾಡಿದ ಸಮೀಕ್ಷೆ 2019ರಲ್ಲಿ ಹೊರಬಂತು. ದೇಶದಲ್ಲಿ ಸುಮಾರು 16 ಕೋಟಿ ಜನ ಕುಡಿಯುತ್ತಾರೆ, ಅದರಲ್ಲಿ 5.7 ಕೋಟಿ ಮಂದಿಗೆ ಕುಡಿತದ ಸಮಸ್ಯೆಗೆ ನೆರವು ಬೇಕು ಎಂದಿತು. ಮದ್ಯವಿಲ್ಲದೆ ಇರಲಾರದ ಸ್ಥಿತಿಗೆ ಬಂದವರಲ್ಲಿ 38 ಜನರಿಗೆ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದಿದ್ದರಂತೆ. ಉಳಿದ 37 ಮನೆಗಳಲ್ಲಿ ಏನು ನಡೆಯುತ್ತಿದೆ ಎಂಬುದನ್ನು ನಾನು ನಿನಗೆ ಬಿಡಿಸಿ ಹೇಳಬೇಕಿಲ್ಲ.

ಮೊದಲು ಲೆಕ್ಕ ನೇರ ಮಾಡಿಕೋ. ‘ಬರೀ ಬಿಯರು ಕಣೇ, ಅದೇನು ಕುಡಿತವೇ’ ಅನ್ನುವ ಮಾತು ಎಲ್ಲ ಮನೆಯಲ್ಲೂ ಕೇಳುತ್ತದೆ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್ಮು, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಮೂವತ್ತು ಎಂ.ಎಲ್.ನ ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ. ಹಾಗಾದರೆ 180 ಎಂ.ಎಲ್. ಕ್ವಾರ್ಟರಿನಲ್ಲಿ ಆರು ಪೆಗ್ಗು. 650 ಎಂ.ಎಲ್.ನ ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ, ಅದರ ಮೇಲೆ ನೂರಕ್ಕೆ ಎಂಟು ಎಂದಿದ್ದರೆ, ನಾಲ್ಕು ಪೆಗ್ಗಿನಷ್ಟು. ಯಕೃತ್ತು ಗಂಟೆಗೆ ಹೆಚ್ಚುಕಡಿಮೆ ಒಂದು ಪೆಗ್ಗನ್ನು ಮಾತ್ರ ಕರಗಿಸಬಲ್ಲದು. ನಿಂಬೆಹಣ್ಣು, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಆ ಕೆಲಸವನ್ನು ಬೇಗ ಮುಗಿಸುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಎರಡು ಸ್ಟ್ರಾಂಗ್ ಬಿಯರ್ ಮುಗಿಸಿದವನು ಬೆಳಿಗ್ಗೆ ಆರಕ್ಕೆ ಬೈಕ್ ಹತ್ತಿದಾಗಲೂ ಮೈಯಲ್ಲಿ ಅಮಲು ಉಳಿದಿರಬಹುದು.

ಎಷ್ಟು ಕುಡಿಯುತ್ತಾನೆ ಎಂಬುದಕ್ಕಿಂತ ಕುಡಿಯದಿದ್ದರೆ ಏನಾಗುತ್ತದೆ ಎಂದು ನೋಡು. ಬೆಳಿಗ್ಗೆ ಎದ್ದಾಗ ಕಾಫಿ ಲೋಟ ಕೈಯಲ್ಲಿ ನಡುಗುತ್ತದೆಯೇ? ಒಂದು ಗುಟುಕು ಬಿದ್ದ ಮೇಲೆ ನಡುಕ ನಿಲ್ಲುತ್ತದೆಯೇ? ಹಾಗಿದ್ದರೆ ಅದು ಶೋಕಿಯ ಹಂತ ದಾಟಿ ಕಾಯಿಲೆಯಾಗಿದೆ ಎಂದೇ ತಿಳಿ. ಮದ್ಯ ಮಿದುಳಿನ ಓಟಕ್ಕೆ ಬ್ರೇಕು ಹಾಕುತ್ತದೆ. ದಿನಾಲೂ ಬ್ರೇಕು ಒತ್ತುತ್ತಿದ್ದರೆ ಮಿದುಳು ಗಾಡಿ ನಿಲ್ಲದಿರಲಿ ಅಂತ ಆಕ್ಸಿಲರೇಟರನ್ನು ಮೆಲ್ಲಗೆ ಜಾಸ್ತಿ ಮಾಡಿಕೊಳ್ಳುತ್ತದೆ. ಅದಕ್ಕೇ ಮೊದಲು ನೈಂಟಿಗೆ ಏರುತ್ತಿದ್ದವನಿಗೆ ಈಗ ಕ್ವಾರ್ಟರೂ ಸಾಲುವುದಿಲ್ಲ. ಇದ್ದಕ್ಕಿದ್ದಂತೆ ಬ್ರೇಕು ತೆಗೆದರೆ ಆಕ್ಸಿಲರೇಟರ್ ಹಾಗೇ ಉಳಿಯುತ್ತದೆ. ಕೊನೆಯ ಗುಟುಕಿನಿಂದ ಆರೆಂಟು ಗಂಟೆಯಲ್ಲಿ ನಡುಕ, ಬೆವರು, ವಾಕರಿಕೆ ಶುರುವಾಗುತ್ತವೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಬುದ್ಧಿಭ್ರಮೆ, ಇಲ್ಲದ್ದು ಕಾಣುವುದು, ಜ್ವರ. ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಆದವರಿಗೆ ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು.

ಇದನ್ನು ಇಷ್ಟು ಎಳೆದು ಹೇಳುವುದಕ್ಕೆ ಕಾರಣವಿದೆ. ವರ್ಷಗಟ್ಟಲೆ ದಿನವೂ ಕುಡಿದವನನ್ನು ಅಣ್ಣತಮ್ಮಂದಿರು ಸೇರಿ ಕೋಣೆಯಲ್ಲಿ ಕೂಡಿಹಾಕುತ್ತಾರೆ. ಇಲ್ಲವೇ ಅವನೇ ಅಯ್ಯಪ್ಪನ ಮಾಲೆ ಹಾಕಿ 41 ದಿನ ಮುಟ್ಟುವುದಿಲ್ಲ ಅನ್ನುತ್ತಾನೆ. ಮನಸ್ಸು ದೊಡ್ಡದೇ, ನಾನು ಹಗುರವಾಗಿ ಮಾತಾಡುವುದಿಲ್ಲ. ಮೂರನೇ ದಿನ ಬಡಬಡಿಸಲು ತೊಡಗಿದರೆ ಮಾತ್ರ ಮೈಮೇಲೆ ದೇವರು ಬಂತು ಎಂದೋ, ಗಾಳಿ ಸೋಕಿತು ಎಂದೋ ತಾಯತ ಕಟ್ಟಿಸಲು ಕರೆದೊಯ್ಯುತ್ತಾರೆ. ಗಾಳಿಯಲ್ಲ ಮಗಳೇ, ಅದು ಮದ್ಯ ನಿಂತ ಮಿದುಳು. ಆಗ ಹೋಗಬೇಕಾದದ್ದು ಆಸ್ಪತ್ರೆಗೆ. ಮಾಲೆ ಹಾಕಲಿ, ಆದರೆ ಹಾಕುವ ಮೊದಲು ಡಾಕ್ಟರ ಹತ್ತಿರ ಹೋಗಿ ಬರಲಿ. ಐದಾರು ದಿನ ಮಾತ್ರೆಯ ಆಸರೆ ಕೊಟ್ಟು, ಮೆಲ್ಲಗೆ ಅದನ್ನೂ ಇಳಿಸಿ, ನಡುಕವಿಲ್ಲದೆ ನಿಲ್ಲಿಸುವ ಕ್ರಮವಿದೆ.

ನಮ್ಮ ವಾರ್ಡಿನಲ್ಲಿ ಇದನ್ನು ಇನ್ನೊಂದು ರೂಪದಲ್ಲಿ ನೋಡುತ್ತಿದ್ದೆವು. ತೊಡೆಮೂಳೆ ಮುರಿದುಕೊಂಡು ಬಂದವನು ಎರಡು ದಿನ ಸುಮ್ಮನಿದ್ದು, ಮೂರನೇ ರಾತ್ರಿ ಹಾಸಿಗೆ ತುಂಬ ಹುಳ ಹರಿಯುತ್ತಿವೆ ಅಂತ ಗ್ಲೂಕೋಸ್ ಸೂಜಿ ಕಿತ್ತೆಸೆದು ಎದ್ದು ಓಡುತ್ತಿದ್ದ. ದಾಖಲು ಮಾಡುವಾಗ ಕುಡಿಯುತ್ತಾರಾ ಎಂದು ಕೇಳಿದ್ದರೆ ಮನೆಯವರು ‘ಇಲ್ಲ ಸಿಸ್ಟರ್, ಯಾವಾಗಾದರೂ ಹಬ್ಬಕ್ಕೆ’ ಎಂದಿರುತ್ತಿದ್ದರು. ಆ ಒಂದು ಸುಳ್ಳಿಗೆ ವಾರ್ಡೆಲ್ಲ ನಿದ್ದೆಗೆಡುತ್ತಿತ್ತು. ಯಾವ ಕಾಯಿಲೆಗೆ ಆಸ್ಪತ್ರೆಗೆ ಸೇರಿಸಿದರೂ, ಜ್ವರವಾಗಲಿ, ಹರ್ನಿಯಾ ಆಪರೇಷನ್ ಆಗಲಿ, ಮೂರು ಮಾತು ಬಾಯಿಬಿಟ್ಟು ಹೇಳು: ಕುಡಿಯುತ್ತಾರೆ, ದಿನಕ್ಕೆ ಇಷ್ಟು, ಕೊನೆಗೆ ಕುಡಿದದ್ದು ಇಂಥ ಹೊತ್ತಿಗೆ. ಅವರ ಎದುರಿಗೆ ಹೇಳಲು ಆಗದಿದ್ದರೆ ನರ್ಸನ್ನು ಹೊರಗೆ ಕರೆದು ಹೇಳು.

ಇನ್ನೊಂದು ಸಣ್ಣ ಮಾತು, ಆದರೆ ಸಣ್ಣದಲ್ಲ. ಊಟ ಬಿಟ್ಟು ಕುಡಿಯುವವರ ಮೈಯಲ್ಲಿ ಬಿ1 ಎಂಬ ಜೀವಸತ್ವ ಬರಿದಾಗಿರುತ್ತದೆ. ಸುಸ್ತಾಗಿದ್ದಾನೆ ಎಂದು ಮೂಲೆಯ ಕ್ಲಿನಿಕ್ಕಿನಲ್ಲಿ ಬರೀ ಗ್ಲೂಕೋಸ್ ಏರಿಸಿದರೆ ಅಳಿದುಳಿದ ಬಿ1 ಕೂಡ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ಕಣ್ಣು ಓಲಾಡುತ್ತದೆ, ನಡಿಗೆ ತಪ್ಪುತ್ತದೆ, ನೆನಪು ಹೋಗುತ್ತದೆ, ಹೋದ ನೆನಪು ಕೆಲವರಿಗೆ ಮರಳುವುದೇ ಇಲ್ಲ. ಬಾಟಲಿ ಏರಿಸುವ ಮುಂಚೆ ಕುಡಿತದ ವಿಷಯ ಹೇಳಿದರೆ ತಿಳಿದ ಡಾಕ್ಟರು ಮೊದಲು ಬಿ1 ಇಂಜೆಕ್ಷನ್ ಕೊಡುತ್ತಾರೆ. ಅಗ್ಗದ ಔಷಧ ಅದು. ಮಾತು ಮುಚ್ಚಿಟ್ಟರೆ ಎಷ್ಟು ದುಬಾರಿಯಾಗುತ್ತದೆ ನೋಡು.

ನಿನ್ನ ಮೈದುನನ ಗುಟ್ಕಾ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಗಿ 2013ರಿಂದ ಇಲ್ಲಿಗೆ ಎಷ್ಟು ವರ್ಷವಾಯಿತು ಎಣಿಸಿಕೋ. ಅಂಗಡಿಯವನು ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಕೊಡುತ್ತಾನೆ, ಹುಡುಗರು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾರೆ. ಕಾನೂನಿಗೆ ಕೈ ಮುಗಿದ ಹಾಗೂ ಆಯಿತು, ವ್ಯಾಪಾರವೂ ಆಯಿತು. ತಂಬಾಕು ಇಲ್ಲದ್ದು ಎಂದು ಅಡಿಕೆ ಚೀಟಿಗೆ ವಿನಾಯಿತಿ ಕೊಡಬೇಡ. ಮಲೆನಾಡಿನ ನೆಂಟರಿಗೆ ನನ್ನ ಮೇಲೆ ಸಿಟ್ಟು ಬಂದರೂ ಸರಿ, ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಪಟ್ಟಿಗೆ ಸೇರಿಸಿದೆ. ಆ ಪಟ್ಟಿಯಲ್ಲಿ ತಂಬಾಕೂ ಇದೆ, ಮದ್ಯವೂ ಇದೆ. ಅವನನ್ನು ಕೂರಿಸಿ ಬಾಯಿ ತೆರೆಸು. ಅವನದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿದರೆ ಮೇಲಿನ ಕೆಳಗಿನ ಹಲ್ಲಿನ ನಡುವೆ ಹೋಗಬೇಕು. ಎರಡೇ ಹೋದರೆ, ಖಾರ ತಿಂದಾಗ ಬಾಯಿ ಉರಿದರೆ, ಕೆನ್ನೆಯ ಒಳಗೆ ಬಿಳಿಚಿ ಗಟ್ಟಿಯಾಗಿದ್ದರೆ ತಡಮಾಡದೆ ದಂತವೈದ್ಯರಿಗೆ ತೋರಿಸು. ಬಾಯಿಯ ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೂ ಅಷ್ಟೇ.

ಮದ್ಯಕ್ಕೂ ತಂಬಾಕಿಗೂ ಒಂದು ವ್ಯತ್ಯಾಸವಿದೆ. ತಂಬಾಕನ್ನು ಈ ಕ್ಷಣ ಪೂರ್ತಿ ನಿಲ್ಲಿಸಿದರೂ ಪ್ರಾಣಕ್ಕೆ ಅಪಾಯವಿಲ್ಲ. ಮೊದಲ ಮೂರುನಾಲ್ಕು ದಿನ ಸಿಡುಕು, ತಲೆನೋವು, ನಿದ್ದೆ ಬಾರದಿರುವುದು ಜೋರಾಗಿರುತ್ತದೆ, ಕೆಲವು ವಾರಗಳಲ್ಲಿ ತಗ್ಗುತ್ತದೆ. ಚಪಲ ಎದ್ದಾಗ ಹತ್ತು ನಿಮಿಷ ದಾಟಿಸಿದರೆ ಅದೇ ಇಳಿಯುತ್ತದೆ. ನಿಕೋಟಿನ್ ಗಮ್ ಕೊಡಿಸುವುದಾದರೆ ಚೂಯಿಂಗ್ ಗಮ್ಮಿನ ಹಾಗೆ ಒಂದೇ ಸಮ ಅಗಿದು ನುಂಗಬಾರದು ಎಂದು ಹೇಳು. ನಾಲ್ಕೈದು ಸಲ ಅಗಿದು, ನಾಲಿಗೆ ಚುರುಗುಟ್ಟಿದಾಗ ದವಡೆಯ ಸಂದಿಯಲ್ಲಿಟ್ಟು, ರುಚಿ ಹೋದಾಗ ಮತ್ತೆ ಅಗಿಯಬೇಕು. ಗುಟ್ಕಾ ಇಟ್ಟುಕೊಂಡು ಅಭ್ಯಾಸವಾದವರಿಗೆ ಇದೇನು ಕಲಿಸಬೇಕಾಗಿಲ್ಲ ಬಿಡು. ತಂಬಾಕು ಬಿಡಲು 1800-11-2356 ಎಂಬ ಉಚಿತ ನಂಬರಿದೆ, ತಂಬಾಕಿನ ಪೊಟ್ಟಣದ ಮೇಲೇ ಅದನ್ನು ಅಚ್ಚು ಹಾಕಿರುತ್ತಾರೆ.

ಹಾಸ್ಟೆಲ್ಲಿನಲ್ಲಿರುವ ಮಕ್ಕಳ ಗಾಂಜಾ, ಮಾತ್ರೆಗಳ ವಿಷಯ ಬಂದರೆ ಮನೆಯವರು ಪೊಲೀಸರ ಹೆದರಿಕೆಗೆ ಬಾಯಿ ಹೊಲಿದುಕೊಳ್ಳುತ್ತಾರೆ. ಮಾದಕವಸ್ತುಗಳ 1985ರ ಕಾಯಿದೆ ಬಿಗಿಯಾದದ್ದೇ, ಸುಳ್ಳಲ್ಲ. ಆದರೆ ಅದರಲ್ಲೇ 64ಎ ಎಂಬ ಕಲಮೂ ಇದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರ ಒಪ್ಪಿದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಸೇರಿದರೆ ಆ ಮೊಕದ್ದಮೆಯಿಂದ ರಕ್ಷಣೆ ಸಿಗಬಹುದು. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು, ನಡುವೆ ಬಿಟ್ಟರೆ ಆ ರಕ್ಷಣೆಯೂ ಹೋಗಬಹುದು. ಮಾರುವವನಿಗೆ ಈ ದಾರಿಯಿಲ್ಲ.

ಈಗ ನಿನ್ನ ಮನೆಗೆ ಬರುತ್ತೇನೆ. ನಿನ್ನ ಯಜಮಾನರು ರಾತ್ರಿ ತೂರಾಡುತ್ತ ಬಂದಾಗ ಪ್ರಶ್ನೆ ಕೇಳಬೇಡ. ಆಗ ಕೇಳುವುದು ನೀನು, ಉತ್ತರ ಕೊಡುವುದು ಬಾಟಲಿ. ಮಾರನೆಯ ದಿನ ತಲೆ ತಿಳಿಯಾದ ಹೊತ್ತು ನೋಡಿ, ಮಕ್ಕಳು ಹೊರಗೆ ಹೋದಾಗ, ನಿನ್ನೆ ನಡೆದದ್ದನ್ನಷ್ಟೇ ಹೇಳು. ‘ನೀವು ನಿನ್ನೆ ರಾತ್ರಿ ಬೈಕಿನಿಂದ ಬಿದ್ದಿರಿ, ಮಗಳು ನೋಡಿ ಅತ್ತಳು’ ಎಂದರೆ ಸಾಕು. ನಿಮ್ಮ ವಂಶವೇ ಹೀಗೆ, ನಿಮ್ಮಪ್ಪನೂ ಹೀಗೇ ಸತ್ತದ್ದು ಎಂದು ಶುರು ಮಾಡಿದೆಯೋ, ಮಾತು ಕುಡಿತವನ್ನು ಬಿಟ್ಟು ಮಾವನವರ ಕಡೆ ತಿರುಗುತ್ತದೆ. ಆಣೆ ಹಾಕಿಸಬೇಡ. ಮಕ್ಕಳ ತಲೆ ಮುಟ್ಟಿಸಿ ಆಣೆ ಹಾಕಿಸುವುದಂತೂ ಬೇಡವೇ ಬೇಡ. ಆಣೆ ಮುರಿದ ನಾಚಿಕೆಗೇ ಮತ್ತೆ ಕುಡಿದವರನ್ನು ನಾನು ಬಹಳ ನೋಡಿದ್ದೇನೆ, ಆ ಮಗುವೋ ತನಗೇನೋ ಆಗುತ್ತದೆ ಎಂದು ಹೆದರಿ ಬೆಳೆಯುತ್ತದೆ.

ಅವರ ಆಫೀಸಿಗೆ ನೀನು ಫೋನ್ ಮಾಡಿ ಜ್ವರ ಎಂದು ಹೇಳುವುದನ್ನು ನಿಲ್ಲಿಸು. ಬಾರಿನ ಸಾಲವನ್ನು ನಿನ್ನ ಬಳೆ ಅಡವಿಟ್ಟು ತೀರಿಸಬೇಡ. ಕುಡಿತದಿಂದಾದ ನಷ್ಟ ಕುಡಿಯುವವನಿಗೆ ಕಾಣಬೇಕು, ನೀನು ಅಡ್ಡ ನಿಂತರೆ ಅವನಿಗೆ ಕಾಣುವುದು ನೀನು ಮಾತ್ರ. ಇಷ್ಟಾದರೂ ಊಟ ಬಡಿಸು, ಮೈ ಸುಟ್ಟರೆ ಆಸ್ಪತ್ರೆಗೆ ಕರೆದುಕೊಂಡು ಹೋಗು. ಕೈ ಎತ್ತಿದರೆ ಮಾತ್ರ ಸಹಿಸಿಕೊಂಡು ಕೂರಬೇಡ, 112 ಇಲ್ಲವೇ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡು, ಪಕ್ಕದ ಮನೆಗೆ ಹೋಗಿ ಮಲಗು. ಕುಡಿತ ಕಾಯಿಲೆ ನಿಜ. ಹೊಡೆತಕ್ಕೆ ಅದು ರಹದಾರಿಯಲ್ಲ.

ಮಕ್ಕಳಿಗೂ ನಿಜ ಹೇಳು, ಅವರ ವಯಸ್ಸಿಗೆ ಒಗ್ಗುವಷ್ಟು. ಅಪ್ಪನಿಗೆ ಕುಡಿತದ ಕಾಯಿಲೆಯಿದೆ, ಅದು ನಿಮ್ಮಿಂದ ಬಂದದ್ದಲ್ಲ, ವಾಸಿ ಮಾಡುವುದೂ ನಿಮ್ಮ ಕೆಲಸವಲ್ಲ ಎನ್ನು. ಅಂಗಡಿಯಿಂದ ಸೋಡಾ, ಸಿಗರೇಟು ತರಲು ಅವರನ್ನು ಕಳಿಸಗೊಡಬೇಡ.

ಸರ್ಕಾರವೇ ಅಂಗಡಿ ಮುಚ್ಚಿಸಬಾರದೇ ಎಂದು ನೀನು ಕೇಳಬಹುದು. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಅದನ್ನೇ ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಆ ಕಾಲುಗಳಿಗೆ ನನ್ನ ನಮಸ್ಕಾರ. 2007ರ ಜುಲೈ 1ರಿಂದ ಪ್ಯಾಕೆಟ್ ಸಾರಾಯಿ ನಿಂತದ್ದು ನನಗೆ ಚೆನ್ನಾಗಿ ನೆನಪಿದೆ, ಅಗ್ಗದ ವಿಸ್ಕಿ ಅದರ ಜಾಗಕ್ಕೆ ಬಂದದ್ದೂ ನೆನಪಿದೆ. ಅಂಗಡಿ ಮುಚ್ಚುವವರೆಗೆ ನಿನ್ನ ಮನೆ ಕಾಯಲಾರದು.

ಎಲ್ಲಿಗೆ ಹೋಗುವುದು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಬೇರೆ ವಿಭಾಗವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಅಷ್ಟು ದೂರ ಬೇಡವೆಂದರೆ ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಎಂಬ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ, ಯಾವ ಮಂಗಳವಾರ ಎಂದು ವಿಚಾರಿಸಿಕೊಂಡು ಹೋಗು. ನಡುಕ ಇಳಿದ ಮೇಲೆ ಚಪಲ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳಿವೆ. ಧರ್ಮಸ್ಥಳದವರ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಊರೂರಲ್ಲಿ ನಡೆಯುತ್ತವೆ, ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಎಂದು ಬಿಟ್ಟವರೆಲ್ಲ ಸೇರುತ್ತಿರುತ್ತಾರೆ. ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಕೂಟ 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಕಟ್ಟಿದ್ದು, ನಮ್ಮಲ್ಲೂ ಅದರ ಸಭೆಗಳಿವೆ, ಕಾಸು ಕೇಳುವುದಿಲ್ಲ. ಮನೆಯವರಿಗೇ ಆಲ್-ಅನಾನ್ ಎಂಬ ಕೂಟವಿದೆ. ಬೇರೆ ಹೆಂಗಸರೂ ಇದೇ ಕಥೆ ಹೇಳುವುದನ್ನು ಅಲ್ಲಿ ಕೇಳಿದರೆ ಅರ್ಧ ಭಾರ ಇಳಿಯುತ್ತದೆ.

ವ್ಯಸನಮುಕ್ತಿ ಕೇಂದ್ರ ಎಂದು ಬೋರ್ಡು ಹಾಕಿದ್ದೆಲ್ಲ ಆಸ್ಪತ್ರೆಯಲ್ಲ. ರಾತ್ರಿ ಜೀಪು ಕಳಿಸಿ ಹೊತ್ತೊಯ್ಯುತ್ತೇವೆ, ಆರು ತಿಂಗಳು ಮುಖ ನೋಡಬೇಡಿ ಎನ್ನುವವರ ಹತ್ತಿರ ಸುಳಿಯಬೇಡ. ಸೇರಿಸುವ ಮುಂಚೆ ಒಳಗೆ ಹೋಗಿ ನೋಡು. 2017ರ ಮಾನಸಿಕ ಆರೋಗ್ಯ ಕಾಯಿದೆಯಡಿ ನೋಂದಣಿ ಆಗಿದೆಯೇ, ಡಾಕ್ಟರ್ ದಿನಾ ಬರುತ್ತಾರೆಯೇ, ಒಳಗಿರುವವರು ಮನೆಗೆ ಫೋನ್ ಮಾಡಬಹುದೇ ಎಂದು ಕೇಳು. ಸರಪಳಿ ಹಾಕುವುದು ಕಾನೂನಿನಲ್ಲೇ ನಿಷಿದ್ಧ.

ಒಂದು ಸಲ ಬಿಟ್ಟವರು ಮತ್ತೆ ಶುರು ಮಾಡುವುದುಂಟು, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ. ಮದುವೆ ಮನೆ, ಸಾವಿನ ಮನೆ, ಸಂಬಳದ ದಿನ, ಹಳೆಯ ಗೆಳೆಯ, ಇವೇ ಹೆಚ್ಚಾಗಿ ಎಳೆಯುವುದು. ಹಾಗಾದಾಗ ಎಲ್ಲ ಮುಗಿಯಿತು ಎಂದು ಎದೆ ಬಡಿದುಕೊಳ್ಳಬೇಡ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಮತ್ತೆ ಏರಿದರೆ ಡಾಕ್ಟರ ಹತ್ತಿರ ಕರೆದೊಯ್ಯುತ್ತೀವಲ್ಲ, ಇಲ್ಲೂ ಅದೇ. ಅವರು ಇವತ್ತು ಒಪ್ಪದಿದ್ದರೆ ನೀನೊಬ್ಬಳೇ ಹೋಗಿ ಡಾಕ್ಟರ ಹತ್ತಿರ ಮಾತಾಡಿಕೊಂಡು ಬಾ. ಮನೆಯವರು ಮೊದಲು ಬಂದು, ತಿಂಗಳುಗಳ ಮೇಲೆ ಕುಡಿಯುವವನು ಹಿಂದೆ ಬಂದದ್ದು ನಮ್ಮ ಹೊರರೋಗಿ ವಿಭಾಗದಲ್ಲಿ ಮಾಮೂಲು.

ಆ ಕಂಬದ ಮೇಲಿನ ನಂಬರನ್ನು ಮೊಬೈಲಿನಿಂದ ಅಳಿಸಿ, ಈ ಎರಡನ್ನು ಹಾಕಿಕೋ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ಯಾವ ಕಷ್ಟಕ್ಕೂ ಹಗಲು ರಾತ್ರಿಯೆನ್ನದೆ ಸಿಗುವ ಟೆಲಿ ಮನಸ್ 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಡ. ನಾಳೆ ಮಕ್ಕಳು ಶಾಲೆಗೆ ಹೋದ ಮೇಲೆ ಫೋನ್ ಮಾಡು.